ಸೇಠಿನ ಗಡ್ಡ, ಚೆಟ್ಟಿಯಾರರ ಚೊಂಬು

ಹೋದ ತಿಂಗಳು ಪಕ್ಕದ ಮನೆಯ ಹುಡುಗಿ ಸ್ಕೂಲ್ ಡೇ ನಾಟಕಕ್ಕೆ ಮೀಸೆ ಅಂಟಿಸಿಕೊಡಿ ಆಂಟಿ ಎಂದು ಬಂದು ನಿಂತಳು. ನಮ್ಮ ಬೀದಿಯಲ್ಲಿ ಗಡ್ಡ ಮೀಸೆಯ ಕೆಲಸವೆಲ್ಲ ನನ್ನ ತಲೆಗೇ ಬರುತ್ತದೆ, ನಾಟಕದವನ ಮಗಳು ಎಂಬ ಹೆಸರಿದೆಯಲ್ಲ. ಅವಳು ತಂದಿದ್ದ ಸ್ಪಿರಿಟ್ ಗಮ್ ಸೀಸೆಯ ಮುಚ್ಚಳ ತೆಗೆದೆ, ಆ ಘಾಟು ಮೂಗಿಗೆ ಹೊಡೆಯಿತು. ಬ್ರಷ್ ಹಿಡಿದುಕೊಂಡು ಹಾಗೇ ಕೂತುಬಿಟ್ಟೆ. "ಆಂಟಿ, ಲೇಟಾಗತ್ತೆ" ಎಂದು ಹುಡುಗಿ ಅವಸರ ಮಾಡಿದಳು. ಮೀಸೆ ಸ್ವಲ್ಪ ಸೊಟ್ಟಗೇ ಕೂತಿತು. ಅವಳು ಹೋದ ಮೇಲೂ ವಾಸನೆ ಬೆರಳಿನಲ್ಲಿ ಉಳಿದಿತ್ತು, ಅವತ್ತೆಲ್ಲ ನಾನು ಮೈಸೂರಿನಲ್ಲಿ ಇರಲೇ ಇಲ್ಲ. ತೊಂಬತ್ತೇಳನೇ ಇಸವಿಯ ಸಿಂಗಪುರದಲ್ಲಿದ್ದೆ.

ಅದಕ್ಕೂ ಮೊದಲು ಅಪ್ಪನ ಪಾತ್ರದ ವಿಷಯ ಹೇಳಬೇಕು, ಇಲ್ಲದಿದ್ದರೆ ಮುಂದಿನದಕ್ಕೆ ತಲೆಬುಡ ಇರುವುದಿಲ್ಲ. ಅಪ್ಪ ಹಗಲು ಬ್ಯಾಂಕಿನ ಗುಮಾಸ್ತ, ಸಂಜೆ ನಟ. ಬ್ಯಾಂಕಿನವರ ಹವ್ಯಾಸಿ ತಂಡ ನಾನೂರು ವರ್ಷ ಹಿಂದಿನ ಒಂದು ಇಂಗ್ಲಿಷ್ ನಾಟಕವನ್ನು ಕನ್ನಡಕ್ಕೆ ಇಳಿಸಿಕೊಂಡು ವರ್ಷವರ್ಷವೂ ಟೌನ್‌ಹಾಲಿನಲ್ಲಿ ಆಡುತ್ತಿತ್ತು. ಮೂಲದಲ್ಲಿ ಬಡ್ಡಿ ವ್ಯಾಪಾರದ ಒಬ್ಬ ಯಹೂದಿ, ಅವನಿಗೆ ತಾಯಿಯಿಲ್ಲದ ಒಬ್ಬಳೇ ಮಗಳು. ಆ ಮಗಳು ಕ್ರೈಸ್ತ ಹುಡುಗನನ್ನು ಪ್ರೀತಿಸಿ ಓಡಿಹೋಗುತ್ತಾಳೆ. ಮೈಸೂರಿನವರಿಗೆ ಯಹೂದಿ ಎಂದರೆ ಏನು ತಿಳಿಯುತ್ತದೆ ಎಂದು ತಂಡದವರು ಅವನನ್ನು ಮಾರ್ವಾಡಿ ಸೇಠು ಮಾಡಿದರು. ದೊಡ್ಡ ಪೇಟ, ಮೇಣದ ಗಿಣಿಮೂಗು, ಎದೆಮಟ್ಟದ ಗಡ್ಡ, ಮೇಲೆ ನಮ್ದು ನಿಮ್ದು ಎಂಬ ಹರಕು ಕನ್ನಡ. ನಮ್ಮ ಬೀದಿಯ ಕೊನೆಯಲ್ಲಿ ಗಿರವಿ ಅಂಗಡಿ ಇಟ್ಟಿದ್ದ ನಿಜವಾದ ಸೇಠರು ದಿನಾ ನುಣ್ಣಗೆ ಕ್ಷೌರ ಮಾಡಿಕೊಳ್ಳುತ್ತಿದ್ದರು, ಕನ್ನಡವನ್ನು ನಮಗಿಂತ ಸ್ವಚ್ಛವಾಗಿ ಆಡುತ್ತಿದ್ದರು. ಆದರೆ ನಾಟಕದ ಸೇಠಿಗೆ ಗಡ್ಡ ಇರಲೇಬೇಕು, ಅದು ಅಪ್ಪನ ಹಟ.

ಮಗಳು ಓಡಿಹೋದಳೆಂದು ಗೊತ್ತಾದಾಗ ಅಪ್ಪ ಎದೆ ಬಡಿದುಕೊಂಡು ಸ್ಟೇಜಿನ ಈ ತುದಿಯಿಂದ ಆ ತುದಿಗೆ ಹೊರಳುತ್ತಿದ್ದ. ಪೇಟ ಬಿಚ್ಚಿಕೊಂಡು ಮೈಗೆಲ್ಲ ಸುತ್ತಿಕೊಳ್ಳುತ್ತಿತ್ತು. ಜನ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಸೈಡ್‌ವಿಂಗಿನಲ್ಲಿ ಸ್ಪಿರಿಟ್ ಗಮ್ ಸೀಸೆ ಹಿಡಿದು ನಿಂತಿರುತ್ತಿದ್ದ ನಾನೂ ನಗುತ್ತಿದ್ದೆ. ಒಂದು ವರ್ಷ ಗಿರವಿ ಅಂಗಡಿಯ ಸೇಠರೇ ಕರಪತ್ರದ ಖರ್ಚು ಕೊಟ್ಟು ಮುಂದಿನ ಸಾಲಿನಲ್ಲಿ ಹೆಂಡತಿ ಮಕ್ಕಳೊಂದಿಗೆ ಕೂತಿದ್ದರು. ಅವರೂ ನಕ್ಕರು. ಪಾಪ, ನಗದೆ ಇನ್ನೇನು ಮಾಡಿಯಾರು?

ಅಮ್ಮ ನಾನು ಹೈಸ್ಕೂಲಿನಲ್ಲಿದ್ದಾಗಲೇ ತೀರಿಕೊಂಡಳು. ಆಮೇಲೆ ಅಪ್ಪ, ನಾನು, ನಮ್ಮಿಬ್ಬರ ಜಗಳ, ಇಷ್ಟೇ ನಮ್ಮ ಸಂಸಾರ. ಎಂ.ಎ. ಮಾಡಿ ಕಾಲೇಜಿನಲ್ಲಿ ಇಂಗ್ಲಿಷ್ ಪಾಠಕ್ಕೆ ಸೇರಿದೆ. ಅಲ್ಲಿ ಫ್ರಾನ್ಸಿಸ್ ಇದ್ದ. ಮಂಗಳೂರು ಕಡೆಯವನು, ಫಿಸಿಕ್ಸ್ ಹೇಳುತ್ತಿದ್ದ, ಮಾತು ಬಹಳ ಕಡಿಮೆ. ನನ್ನಂಥ ವಾಚಾಳಿಗೆ ಅಂಥವನೇ ಬೇಕಿತ್ತೇನೋ. ಒಂದು ಸಂಜೆ ಅಪ್ಪನಿಗೆ ನಾನೇ ಹೇಳಿದೆ. ಅಪ್ಪ ಕಾಫಿ ಲೋಟ ಕೆಳಗಿಟ್ಟು ಬಹಳ ಹೊತ್ತು ಬೀದಿ ನೋಡಿದ. ಕೂಗಾಡಲಿಲ್ಲ, ಅದೇ ನನಗೆ ಹೆದರಿಕೆಯಾದದ್ದು.

"ಒಂದು ವರ್ಷ ಅವನಿಂದ ದೂರ ಇರು ಪುಟ್ಟಿ. ಕಾಗದ ಬೇಡ, ಫೋನ್ ಬೇಡ. ವರ್ಷ ಆದ್ಮೇಲೂ ಅವನೇ ಬೇಕು ಅಂದ್ರೆ ಹೋಗು, ನಾನು ತಡೆಯಲ್ಲ. ಆದ್ರೆ ಅವತ್ತು ನಾನು ತಲೆಗೆ ನೀರು ಹಾಕ್ಕೊಂಡು ಬಿಡ್ತೀನಿ."

ನಮ್ಮವರಿಗೆ ಬಿಡಿಸಿ ಹೇಳಬೇಕಾಗಿಲ್ಲ, ಬೇರೆಯವರಿಗಾಗಿ ಹೇಳುತ್ತೇನೆ. ದೂರದ ಊರಿಂದ ನೆಂಟರ ಸಾವಿನ ಸುದ್ದಿ ಬಂದರೆ ನಮ್ಮ ಮನೆಗಳಲ್ಲಿ ಕೂತವರು ಕೂತಲ್ಲಿಂದ ಎದ್ದು ಹೋಗಿ ತಲೆಯ ಮೇಲೆ ತಣ್ಣೀರು ಸುರಿದುಕೊಳ್ಳುತ್ತಾರೆ. ಬದುಕಿರುವವರ ಹೆಸರಿನಲ್ಲಿ ಆ ಸ್ನಾನ ಮಾಡಿದರೆ ಅಲ್ಲಿಗೆ ಮುಗಿಯಿತು, ಮತ್ತೆ ಹೆಸರೆತ್ತುವುದಿಲ್ಲ, ಬಾಗಿಲು ತೆಗೆಯುವುದಿಲ್ಲ. ಅಪ್ಪನ ಸೋದರತ್ತೆ ಒಬ್ಬಳಿಗೆ ಹಾಗೆ ಮಾಡಿದ್ದರಂತೆ. ಅವಳ ಹೆಸರೇನು ಎಂದು ನನಗೆ ಇವತ್ತಿಗೂ ಗೊತ್ತಿಲ್ಲ.

ಸರಿ, ದೂರ ಎಂದರೆ ದೂರವೇ ಆಗಲಿ ಎಂದು ಸಿಟ್ಟಿಗೆ ಪೇಪರಿನ ಜಾಹೀರಾತು ನೋಡಿ ಅರ್ಜಿ ಹಾಕಿದೆ. ಸಿಂಗಪುರದ ಒಂದು ಜೂನಿಯರ್ ಕಾಲೇಜಿನಲ್ಲಿ ಒಂದು ವರ್ಷದ ಕೆಲಸ ಸಿಕ್ಕಿತು. ಫ್ರಾನ್ಸಿಸ್‌ಗೆ ವಿಷಯ ಹೇಳಿದಾಗ ಅವನು "ಸರಿ, ನಾನು ಇರ್ತೀನಿ" ಎಂದ. ಇಷ್ಟೇ. ಕಾಯುತ್ತೇನೆ ಎಂದೂ ಬಾಯಿಬಿಟ್ಟು ಹೇಳಲಿಲ್ಲ ಪುಣ್ಯಾತ್ಮ. ಆ ಮೂರು ಶಬ್ದವನ್ನು ತಿರುವಿ ಮುರುವಿ ನೋಡುತ್ತಾ ನಾನು ಒಂದು ವರ್ಷ ಕಳೆಯಬೇಕಾಯಿತು.

ಅಲ್ಲಿನ ಊರಂಚಿನ ಬಡಾವಣೆ ಬುಕಿತ್ ಪಂಜಾಂಗ್‌ನಲ್ಲಿ ಸುಧಾ ಆಂಟಿಯ ಫ್ಲ್ಯಾಟಿನ ಒಂದು ರೂಮು ಬಾಡಿಗೆಗೆ ಸಿಕ್ಕಿತು. ಅವರು ಮೈಸೂರಿನ ಸರಸ್ವತಿಪುರಂನವರು, ಗಂಡನಿಗೆ ಬ್ಯಾಂಕಿನ ಕೆಲಸ. ಒಳ್ಳೆಯ ಜನ, ಆದರೆ ಅವರವರ ಬದುಕು ಅವರವರಿಗೆ. ನನ್ನ ಕಿಟಕಿಯ ಎದುರು ಎಲ್‌ಆರ್‌ಟಿ ರೈಲಿಗೆ ಕಾಂಕ್ರೀಟ್ ಕಂಬ ನಿಲ್ಲಿಸುತ್ತಿದ್ದರು. ಮಧ್ಯಾಹ್ನ ಮಳೆ ಧೋ ಎಂದು ಸುರಿದು, ಹೇಳಿಟ್ಟ ಹಾಗೆ ನಿಂತುಹೋಗುತ್ತಿತ್ತು. ಭಾನುವಾರ ಸುಧಾ ಆಂಟಿಯ ಮನೆಯವರೆಲ್ಲ ಹೊರಗೆ ಹೋದಾಗ ನಾನು ಕೆಳಗಿಳಿದು, ಕಟ್ಟಡದ ಬುಡದಲ್ಲಿ ಎಲ್ಲರಿಗೂ ತೆರೆದಿಟ್ಟ ಹಜಾರವಾದ ವಾಯ್ಡ್ ಡೆಕ್‌ನ ಕಲ್ಲುಬೆಂಚಿನ ಮೇಲೆ ಕೂರುತ್ತಿದ್ದೆ. ಅಜ್ಜಂದಿರು ಚದುರಂಗ ಆಡುತ್ತಿದ್ದರು, ಯಾರದೋ ಮನೆಯಲ್ಲಿ ಮೀನು ಹುರಿಯುತ್ತಿದ್ದರು. ಯಾರೂ ನನ್ನನ್ನು ಎಲ್ಲಿಗೆ ಹೊರಟೆ, ಯಾಕೆ ಸಪ್ಪಗಿದ್ದೀ ಎಂದು ಕೇಳುತ್ತಿರಲಿಲ್ಲ. ಮೈಸೂರಿನಲ್ಲಿ ಆ ಪ್ರಶ್ನೆಗಳು ಬಂದರೆ ಮೈ ಉರಿಯುತ್ತಿತ್ತು. ಇಲ್ಲಿ ಒಬ್ಬರಾದರೂ ಕೇಳಬಾರದೇ ಅನ್ನಿಸುತ್ತಿತ್ತು. ಅತ್ತಿದ್ದೇನೆ, ಸುಳ್ಳು ಯಾಕೆ ಹೇಳಲಿ.

ಅಲ್ಲಿನ ಕಾರ್ಡ್ ಫೋನಿನಿಂದ ಅಪ್ಪನಿಗೆ ಫೋನ್ ಮಾಡುತ್ತಿದ್ದೆ. "ಊಟ ಆಯ್ತಾ?" "ಆಯ್ತು. ನಿಂದು?" "ಆಯ್ತು. ಮಳೆ ಬಂತಾ?" "ಇಲ್ಲ. ಅಲ್ಲಿ?" "ಬಂತು." ಹೀಗೆ ಹವಾಮಾನ ವರದಿ ಒಪ್ಪಿಸಿ ಇಬ್ಬರೂ ಫೋನ್ ಇಡುತ್ತಿದ್ದೆವು. ಫ್ರಾನ್ಸಿಸ್ ಹೆಸರು ಅವನೂ ಎತ್ತುತ್ತಿರಲಿಲ್ಲ, ನಾನೂ ಎತ್ತುತ್ತಿರಲಿಲ್ಲ.

ಹಣೆಬರಹ ನೋಡಿ, ಕಾಲೇಜಿನಲ್ಲಿ ನನಗೆ ಕೊಟ್ಟ ಪಾಠವೂ ಅದೇ. ಅಪ್ಪನ ನಾಟಕದ ಮೂಲ, ಜೊತೆಗೆ ಅದೇ ಕಾಲದ ಇನ್ನೊಂದು ಇಂಗ್ಲಿಷ್ ನಾಟಕ, ಎರಡರಲ್ಲೂ ಬಡ್ಡಿ ವ್ಯಾಪಾರದ ಯಹೂದಿ, ಅವನಿಗೆ ಒಬ್ಬ ಮಗಳು, ಆ ಮಗಳಿಗೆ ಕ್ರೈಸ್ತ ಪ್ರೇಮಿ. ಅವುಗಳನ್ನು ಬರೆಯುವ ಹೊತ್ತಿಗೆ ಇಂಗ್ಲೆಂಡಿನಿಂದ ಯಹೂದಿಗಳನ್ನು ಓಡಿಸಿ ಮುನ್ನೂರು ವರ್ಷವಾಗಿತ್ತು. ಬರೆದವರಾಗಲಿ ನೋಡಿ ನಕ್ಕವರಾಗಲಿ ಬಹುತೇಕ ಯಾರೂ ಒಬ್ಬ ಯಹೂದಿಯ ಮನೆ ಹೊಕ್ಕು ಒಂದು ಲೋಟ ನೀರು ಕುಡಿದವರಲ್ಲ. ಕೆಂಪು ಗಡ್ಡ, ಉದ್ದ ಮೂಗು ಅಂಟಿಸಿ ತಮಗೆ ಬೇಕಾದ ಹಾಗೆ ಒಬ್ಬನನ್ನು ಮಾಡಿಕೊಂಡರು. ಇದನ್ನೆಲ್ಲ ನಾನು ಬಹಳ ಜೋರಾಗಿ ಪಾಠ ಮಾಡುತ್ತಿದ್ದೆ. ಆಮೇಲೆ ಒಂದು ದಿನ ನನಗೇ ಹೊಳೆಯಿತು, ಅಯ್ಯೋ, ನಾನು ಮಾತ್ರ ಎಲ್ಲಿ ನೋಡಿದ್ದೇನೆ?

ಮಾಡಲು ಬೇರೆ ಕೆಲಸವಿಲ್ಲದ ಒಂದು ಭಾನುವಾರ ಬಸ್ಸು ಹತ್ತಿ ವಾಟರ್ಲೂ ಸ್ಟ್ರೀಟಿನ ಹಳೆಯ ಸಿನಗಾಗ್, ಯಹೂದಿಗಳ ಪ್ರಾರ್ಥನಾ ಮಂದಿರ, ನೋಡಲು ಹೋದೆ. ಎದುರಿನ ಫುಟ್‌ಪಾತಿನಲ್ಲಿ ಬಿಸಿಲಿಗೆ ಛತ್ರಿ ಹಿಡಿದು ನಿಂತಿದ್ದಾಗ ಗೇಟಿನಿಂದ ಒಬ್ಬ ಮುದುಕರು ಬಂದರು. ಹೂವಿನ ಬಾಟಿಕ್ ಷರ್ಟು, ಗಡ್ಡವಿಲ್ಲ, ಚಪ್ಪಟೆ ಎನ್ನಬಹುದಾದ ಮೂಗು. "ಯಾರನ್ನ ಹುಡುಕ್ತಾ ಇದೀಯಮ್ಮ?" ಎಂದು ಇಂಗ್ಲಿಷಿನಲ್ಲಿ ಕೇಳಿದರು. ನಿಮ್ಮನ್ನೇ ಎಂದು ಹೇಗೆ ಹೇಳಲಿ? "ಸುಮ್ಮನೆ ನೋಡ್ತಿದ್ದೆ" ಎಂದೆ. "ಇವತ್ತು ಬಿಸಿಲು ಜಾಸ್ತಿ ಲಾ, ನೆರಳಲ್ಲಿ ನಿಂತ್ಕೋ" ಎಂದು, ಆ ಊರಿನವರ ಮಾತಿನ ಬಾಲವಾದ ಲಾ ಸೇರಿಸಿ ಹೇಳಿ, ಬ್ರೆಡ್ ತರಲು ಹೊರಟರು. ಆ ವರ್ಷ ಅಪರಿಚಿತರೊಬ್ಬರು ನನ್ನನ್ನು ವಿಚಾರಿಸಿಕೊಂಡದ್ದು ಅದೊಂದೇ ಸಲ ಇರಬೇಕು, ಬಸ್ಸಿನಲ್ಲಿ ಬರುವಾಗ ಅದನ್ನೇ ನೆನೆಸಿಕೊಂಡು ಬಂದೆ.

ಮಕ್ಕಳು ಆ ಎರಡು ನಾಟಕಗಳಿಂದ ಹೆಕ್ಕಿ, ತಾವೇ ಒಂದು ನಾಟಕ ಕಟ್ಟಿ ವರ್ಷದ ಕೊನೆಗೆ ಆಡುತ್ತೇವೆ ಎಂದರು. ಕಥೆ ಹಳೆಯ ಸಿಂಗಪುರದ್ದು. ಅಲ್ಲಿ ಹಿಂದೆ ಸಾಲ ಕೊಡುತ್ತಿದ್ದವರೆಂದರೆ ತಮಿಳುನಾಡಿನ ಚೆಟ್ಟಿಯಾರರು, ನದಿಯ ಹತ್ತಿರ ಸಾಲಾಗಿ ಮೇಜು ಪೆಟ್ಟಿಗೆ ಇಟ್ಟುಕೊಂಡು ಕೂರುತ್ತಿದ್ದರಂತೆ. ಹಾಗಾಗಿ ಯಹೂದಿ ಹೋಗಿ ಚೆಟ್ಟಿಯಾರ್ ಬಂದ. ಯಾರು ಮಾಡಬೇಕು ಎಂಬ ಮಾತು ಬಂದಾಗ ನಮ್ಮ ವಿಭಾಗದ ಮುಖ್ಯಸ್ಥೆ ಮಿಸೆಸ್ ಟಾನ್ ಕ್ಷಣವೂ ಯೋಚಿಸಲಿಲ್ಲ.

"ವಳ್ಳಿ ಮಾಡ್ಲಿ ಲಾ. ಅವಳೇ ಇಂಡಿಯನ್ ಅಲ್ವಾ? ಮೇಕಪ್ ಖರ್ಚೂ ಉಳಿಯತ್ತೆ."

ಅದರಲ್ಲಿ ಕೆಟ್ಟತನ ಏನೂ ಇರಲಿಲ್ಲ, ಆಕೆ ಒಳ್ಳೆಯ ಹೆಂಗಸು. ಕ್ಲಾಸು ನಕ್ಕಿತು. ಆ ಕ್ಲಾಸಿನ ಒಬ್ಬಳೇ ತಮಿಳು ಹುಡುಗಿ ವಳ್ಳಿಯೂ ನಕ್ಕಳು. ನನಗೆ ಟೌನ್‌ಹಾಲಿನ ಮುಂದಿನ ಸಾಲು ನೆನಪಾಯಿತು. ಇಂಗ್ಲೆಂಡಿನಲ್ಲಿ ಯಹೂದಿ, ಮೈಸೂರಿನಲ್ಲಿ ಮಾರ್ವಾಡಿ, ಇಲ್ಲಿ ಚೆಟ್ಟಿಯಾರ್. ಗಡ್ಡ ಮಾತ್ರ ಅದೇ, ಊರು ಬದಲಾದ ಹಾಗೆ ಮುಖ ಬದಲಾಗುತ್ತದೆ ಎಂದುಕೊಂಡೆ.

ಕ್ಲಾಸು ಮುಗಿದ ಮೇಲೆ ವಳ್ಳಿ ನನ್ನ ಮೇಜಿನ ಹತ್ತಿರ ಬಂದಳು. "ಮಿಸ್, ನನ್ನ ತಾತ ನಿಜವಾಗ್ಲೂ ಅದೇ ಕೆಲಸ ಮಾಡ್ತಿದ್ರು. ನಂಗೇನೂ ಬೇಜಾರಿಲ್ಲ, ನಗಿಸೋದು ಈಸಿ ಲಾ. ಆದ್ರೆ ಒಂದು ಸೀನ್ ಮಿಸ್ಸಿಂಗ್."

"ಯಾವುದು?"

"ಮಗಳು ಓಡಿಹೋಗಿರ್ತಾಳೆ. ಇವನು ಮನೆಗೆ ವಾಪಸ್ ಬಂದು ಬಾಗಿಲು ತೆಗೀತಾನಲ್ಲ, ಅದು. ಅದನ್ನ ಯಾಕೆ ಮಿಸ್ ಯಾರೂ ತೋರ್ಸಲ್ಲ? ಎಲ್ಲರೂ ಅವಳ ಹಿಂದೆನೇ ಹೋಗ್ತಾರೆ, ಲವರ್ಸ್ ಹಿಂದೆ."

ನಾನೂ ಹಾಗೆಯೇ ಹೋಗಿದ್ದವಳು. ಕಾಲೇಜಿನಲ್ಲಿ ಓದುವಾಗ ಆ ಮಗಳು ಕಿಟಕಿಯಿಂದ ಇಳಿಯುವಾಗ ಕಾಲು ಜಾರದಿರಲಿ ಎಂದು ಹಾರೈಸಿದ್ದೆ. ಮನೆಯೊಳಗೆ ಏನಾಯಿತು ಎಂದು ಯೋಚಿಸಿರಲೇ ಇಲ್ಲ. "ನೀನಾದ್ರೆ ಏನು ತೋರಿಸ್ತೀಯ?" ಎಂದು ಕೇಳಿದೆ.

"ನನ್ನ ಅತ್ತೆ, ಅಪ್ಪನ ತಂಗಿ, ಒಬ್ಬ ಚೈನೀಸ್ ಅಂಕಲ್‌ನ ಮದುವೆ ಆದ್ಲು. ಆವಾಗ ತಾತ ಮಟಮಟ ಮಧ್ಯಾಹ್ನ ಎದ್ದು ಹೋಗಿ ಚೊಂಬಲ್ಲಿ ತಲೆಗೆ ನೀರು ಹುಯ್ಕೊಂಡ್ರಂತೆ ಮಿಸ್. ಅಷ್ಟೇ. ಆಮೇಲೆ ಅವಳ ಹೆಸರು ಹೇಳಿಲ್ಲ. ನಾನು ಅದನ್ನ ಮಾಡ್ತೀನಿ. ಡೈಲಾಗ್ ಬೇಡ."

"ಬೇಡ, ಆ ಸೀನ್ ಬೇಡ" ಎಂದು ಸಿಡುಕಿದೆ. "ಯಾಕೆ ಮಿಸ್?" ಎಂದಳು. ಯಾಕೆ ಎಂದು ಹದಿನೇಳು ವರ್ಷದ ಹುಡುಗಿಗೆ ಏನೆಂದು ಹೇಳಲಿ? ನನ್ನನ್ನೂ ಯಾರೋ ಆ ಚೊಂಬಿನ ನೀರಿಗೆ ಕಾದಿಟ್ಟಿದ್ದಾರೆ ಎಂದು ಹೇಳಲೇ? ಸ್ಟೇಜ್ ಒದ್ದೆಯಾಗುತ್ತದೆ ಎಂದು ಏನೋ ನೆಪ ಹೇಳಿದೆ. ಮಾರನೆಯ ದಿನ ನಾನೇ ಹೋಗಿ ಮಾಡು ಎಂದೆ. ರಿಹರ್ಸಲ್‌ನಲ್ಲಿ ಅವಳು ಖಾಲಿ ಚೊಂಬನ್ನು ತಲೆಯ ಮೇಲೆ ಬಗ್ಗಿಸಿದಾಗಲೆಲ್ಲ ನಾನು ಸ್ಕ್ರಿಪ್ಟು ನೋಡುವ ಹಾಗೆ ತಲೆ ತಗ್ಗಿಸುತ್ತಿದ್ದೆ.

ಆ ವಾರ ಫೋನಿನಲ್ಲಿ ಮಳೆಯ ಸಮಾಚಾರ ಮುಗಿದ ಮೇಲೆ, ಹೇಳಬೇಕೆಂದಿರಲಿಲ್ಲ, ಬಾಯಿಗೆ ಬಂದುಬಿಟ್ಟಿತು. "ಅಪ್ಪ, ಇಲ್ಲಿ ಮಕ್ಕಳು ನಿನ್ನ ಸೇಠು ನಾಟಕದ ಥರಾನೇ ಒಂದು ಆಡ್ತಿದಾರೆ."

"ಗಡ್ಡ ಯಾರು ಅಂಟಿಸ್ತಾರೆ?" ಎಂದ ಅಪ್ಪ.

"ರೆಡಿಮೇಡ್ ಸಿಗತ್ತೆ, ಕಿವಿಗೆ ಎಲಾಸ್ಟಿಕ್ ಹಾಕೋದು."

"ಥೂ! ಎಲಾಸ್ಟಿಕ್ಕಂತೆ! ಮಾನ ಮರ್ಯಾದೆ ಬೇಡ್ವೇನೇ ನಿಮಗೆ? ಕ್ರೇಪಿನ ಗಡ್ಡ ಎಳೆಎಳೆಯಾಗಿ ಬಿಡಿಸಿ ಅಂಟಿಸಬೇಕು. ಕೇಳು ಇಲ್ಲಿ..."

ಕಾರ್ಡಿನ ದುಡ್ಡು ಮುಗಿದು ಫೋನು ತಾನಾಗಿ ಕಡಿದುಹೋಗುವವರೆಗೆ ಮಾತಾಡಿದ. ಅಷ್ಟು ತಿಂಗಳಲ್ಲಿ ಅಪ್ಪನ ನಿಜವಾದ ದನಿ ಕೇಳಿದ್ದು ಅವತ್ತೇ. ಆಮೇಲಿನ ಭಾನುವಾರಗಳಲ್ಲಿ ಮಳೆಯ ಮಾತೇ ಇಲ್ಲ. ಹೇಗೆ ಗೂನು ಬೆನ್ನು ಮಾಡಬೇಕು, ಮಾತು ಎಲ್ಲಿ ನಿಲ್ಲಿಸಿದರೆ ಜನ ನಗುತ್ತಾರೆ, ಎಲ್ಲ ಹೇಳುತ್ತಿದ್ದ. ಕೊನೆಗೆ ಒಂದು ದಿನ, "ನಾನೇ ಬಂದ್ಬಿಡ್ತೀನಿ ಬಿಡು. ಹೇಗೂ ವರ್ಷ ಮುಗೀತಾ ಬಂತು, ಮಾತಾಡೋದೂ ಇದೆ" ಎಂದ. ಏನು ಮಾತಾಡೋದು ಎಂದು ಕೇಳದೆ ಫೋನ್ ಇಟ್ಟೆ.

ಹುಟ್ಟಿದ ಮೇಲೆ ಮೊದಲ ಸಲ ಮೈಸೂರಿನ ದಸರಾ ಬಿಟ್ಟು ಅಪ್ಪ ವಿಮಾನ ಹತ್ತಿದ್ದ. ಆ ಅಕ್ಟೋಬರಿನಲ್ಲಿ ಇಂಡೊನೇಷ್ಯಾದ ಕಾಡುಗಳಿಗೆ ಬೆಂಕಿ ಬಿದ್ದು ಸಿಂಗಪುರದ ಮೇಲೆಲ್ಲ ಹೊಗೆ ಕವಿದಿತ್ತು. ಎದುರಿನ ಬ್ಲಾಕು ಕಾಣುತ್ತಿರಲಿಲ್ಲ, ಜನ ಮೂಗಿಗೆ ಬಟ್ಟೆ ಕಟ್ಟಿಕೊಂಡು ಓಡಾಡುತ್ತಿದ್ದರು. "ಏನೇ ಇದು, ಊರಿಗೆ ಊರೇ ಹಸಿ ಸೌದೆ ಒಲೆ ಹಚ್ಚಿದ ಹಾಗಿದೆ" ಎಂದು ಏರ್‌ಪೋರ್ಟಿನಿಂದ ಹೊರಗೆ ಬಂದ ಅಪ್ಪ ಕೆಮ್ಮಿದ. ಬಹಳ ಇಳಿದುಹೋಗಿದ್ದ. ಒಂಟಿಯಾಗಿ ಅಡುಗೆ ಮಾಡಿಕೊಂಡು ತಿನ್ನುವವರ ಮೈ ಅದು, ನೋಡಿದರೆ ತಿಳಿಯುತ್ತದೆ. ನಾನೂ ಹಾಗೇ ಕಂಡಿರಬೇಕು, ಇಬ್ಬರೂ ಆ ಮಾತೆತ್ತಲಿಲ್ಲ. ಸೂಟ್‌ಕೇಸಿನಲ್ಲಿ ಎರಡು ಜೊತೆ ಪಂಚೆ, ಪುಳಿಯೋಗರೆ ಗೊಜ್ಜು, ಜೊತೆಗೆ ಪಂಚೆಯ ನಡುವೆ ಭದ್ರವಾಗಿ ಸುತ್ತಿದ ಕ್ರೇಪ್ ಗಡ್ಡ ಮತ್ತು ಸ್ಪಿರಿಟ್ ಗಮ್ ಸೀಸೆ.

ಅಪ್ಪನ ಮೈಸೂರು ತಮಿಳಿಗೂ ವಳ್ಳಿಯ ಸಿಂಗಪುರ ತಮಿಳಿಗೂ ಚೆನ್ನಾಗಿ ಹೊಂದಿಕೆಯಾಯಿತು. ಅವಳಿಗೆ ಹೊರಳಾಡುವುದನ್ನು ಹೇಳಿಕೊಡಲು ಅಪ್ಪ ಕಾಲೇಜಿನ ಹಾಲಿನಲ್ಲಿ ಆ ವಯಸ್ಸಿನಲ್ಲಿ ನೆಲಕ್ಕೆ ಬಿದ್ದ. ಮಕ್ಕಳೆಲ್ಲ ಚಪ್ಪಾಳೆ ಹೊಡೆದು ನಕ್ಕರು. ವಳ್ಳಿ ಮಾತ್ರ ಕೈಕೊಟ್ಟು ಎಬ್ಬಿಸಿ, "ಸೂಪರ್ ಅಂಕಲ್. ಆದ್ರೆ ನಂಗೆ ರೋಲಿಂಗ್ ಬೇಡ" ಎಂದಳು.

"ಯಾಕಮ್ಮ? ಜನ ನಗಬೇಡ್ವಾ?"

"ಅವನ ಮಗಳು ಹೋದಳಲ್ಲ ಅಂಕಲ್. ಯಾಕೆ ನಗಬೇಕು?"

"ನಗ್ತಾರಮ್ಮ. ಯಾವಾಗ್ಲೂ ನಗ್ತಾರೆ" ಎಂದ ಅಪ್ಪ, ಪಂಚೆಯ ಧೂಳು ಕೊಡವಿಕೊಳ್ಳುತ್ತಾ. ಚೊಂಬಿನ ಸೀನನ್ನು ವಳ್ಳಿ ಅವತ್ತು ಮಾಡಿ ತೋರಿಸಲಿಲ್ಲ, ನಾನೂ ಅಪ್ಪನಿಗೆ ಹೇಳಲಿಲ್ಲ. ಬೇಕೆಂದೇ ಹೇಳಲಿಲ್ಲ.

ನಾಟಕದ ಸಂಜೆ ಅಪ್ಪ ಗ್ರೀನ್‌ರೂಮಿನಲ್ಲಿ ಬಹಳ ಶ್ರದ್ಧೆಯಿಂದ ವಳ್ಳಿಗೆ ಗಡ್ಡ ಕಟ್ಟಿದ. ನಾನು ಮೊದಲಿನ ಹಾಗೆ ಸೀಸೆ ಹಿಡಿದು ನಿಂತಿದ್ದೆ. ಆಮೇಲೆ ಅಪ್ಪ ಕೋಟು ಹಾಕಿಕೊಂಡು ಹೋಗಿ ಮುಂದಿನ ಸಾಲಿನಲ್ಲಿ ಮಿಸೆಸ್ ಟಾನ್ ಪಕ್ಕ ಕೂತ. ನಾನು ಸೈಡ್‌ವಿಂಗಿನಲ್ಲಿದ್ದೆ.

ಮಗಳ ಪಾತ್ರದವಳು ಕಿಟಕಿಯಿಂದ ಇಳಿದಳು, ಸಭೆ ಶಿಳ್ಳೆ ಹಾಕಿತು. ಪ್ರೇಮಿಗಳು ಕೈಹಿಡಿದು ಓಡಿದರು. ಆಮೇಲೆ ಚೆಟ್ಟಿಯಾರ್ ಮನೆಗೆ ಬಂದ. ವಳ್ಳಿ ಚಪ್ಪಲಿ ಬಿಟ್ಟಳು. "ಮೀನಾಕ್ಷಿ" ಎಂದು ಕರೆದಳು. ಊಟಕ್ಕೆ ಬಡಿಸು ಎನ್ನುವಾಗ ಕರೆಯುವ ದನಿ ಅದು. ಮತ್ತೆ ಕರೆದಳು. ಒಳಗೆ ಹೋಗಿ ಬಂದಳು, ಕಿಟಕಿ ನೋಡಿದಳು, ಕಿಟಕಿಯ ಬಾಗಿಲು ಮುಚ್ಚಿದಳು. ಸಭೆಯಲ್ಲಿ ಅಲ್ಲಲ್ಲಿ ಕಿಸಕ್ಕನೆ ನಗು ಶುರುವಾಯಿತು, ಗಡ್ಡದ ಮುದುಕ ಈಗ ಏನೋ ಮಾಡುತ್ತಾನೆ ಎಂದು ಕಾಯುವ ನಗು. ಅವಳು ಸ್ಟೇಜಿನ ನಡುವೆ ಬಂದು ಕೂತು, ಸುಧಾ ಆಂಟಿ ದೇವರ ಮನೆಯಿಂದ ಕೊಟ್ಟಿದ್ದ ಹಿತ್ತಾಳೆ ಚೊಂಬನ್ನು ಎತ್ತಿ, ನೀರನ್ನು ತಲೆಯ ಮೇಲೆ ನಿಧಾನವಾಗಿ ಸುರಿದುಕೊಂಡಳು.

ಹಾಲ್ ಬಿದ್ದುಹೋಗುವ ಹಾಗೆ ನಕ್ಕರು. ಅವರ ತಪ್ಪಲ್ಲ. ಒಬ್ಬ ಮುದುಕ ಬಟ್ಟೆ ಸಮೇತ ನೀರು ಸುರಿದುಕೊಂಡರೆ ಗೊತ್ತಿಲ್ಲದವರಿಗೆ ಅದು ತಮಾಷೆಯೇ. ಸಾಲದ್ದಕ್ಕೆ ನೆನೆದ ಗಡ್ಡ ಭಾರವಾಗಿ ಒಂದು ಕಡೆ ಕಿತ್ತು ಜೋತಾಡಿತು. ನಗು ಇನ್ನೂ ಜೋರಾಯಿತು. ವಳ್ಳಿ ಗಡ್ಡ ಮುಟ್ಟಲಿಲ್ಲ, ಕದಲಲಿಲ್ಲ. ಗಲ್ಲದಿಂದ ನೀರು ತೊಟ್ಟಿಕ್ಕುತ್ತಾ ಕೂತೇ ಇದ್ದಳು. ಸಾಲುಸಾಲು ಜನ ನಗುವಿಗೆ ಕುಲುಕುತ್ತಿದ್ದರು, ಮಿಸೆಸ್ ಟಾನ್ ಕರವಸ್ತ್ರದಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ಅವರ ಪಕ್ಕದಲ್ಲಿ ಅಪ್ಪ ಅಲುಗಾಡದೆ ಕೂತಿದ್ದ. ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡಿದ್ದ. ಅಷ್ಟು ವರ್ಷ ಅವನು ಆ ನಗುವನ್ನು ಸ್ಟೇಜಿನ ಮೇಲಿಂದ ಕೇಳಿದ್ದವನು, ಕೆಳಗೆ ಕೂತು ಕೇಳಿದ್ದು ಇದೇ ಮೊದಲು.

ನಾಟಕ ಮುಗಿದ ಮೇಲೆ ಅಪ್ಪ ತಾನಾಗಿ ಗ್ರೀನ್‌ರೂಮಿಗೆ ಬಂದ. ಕೊಬ್ಬರಿ ಎಣ್ಣೆಯಲ್ಲಿ ಹತ್ತಿ ಅದ್ದಿ ವಳ್ಳಿಯ ಕೆನ್ನೆಗೆ ಅಂಟಿದ್ದ ಎಳೆಗಳನ್ನು ಒಂದೊಂದಾಗಿ ಬಿಡಿಸುತ್ತಾ, "ನೀರು ಬೀಳತ್ತೆ ಅಂತ ಮೊದಲೇ ಹೇಳಬಾರದಿತ್ತಾ ಮಗು, ಗಡ್ಡ ಗಟ್ಟಿಯಾಗಿ ಕಟ್ತಿದ್ದೆ" ಎಂದ.

"ಸಾರಿ ಅಂಕಲ್. ತುಂಬಾ ನಕ್ಕುಬಿಟ್ರು."

"ನೀನು ಚೆನ್ನಾಗಿ ಮಾಡಿದೆ. ನನಗಿಂತ ಚೆನ್ನಾಗಿ ಮಾಡಿದೆ." ಸ್ವಲ್ಪ ಹೊತ್ತು ಹತ್ತಿಯಿಂದ ಒರೆಸಿದ. "ಅದನ್ನ ಎಲ್ಲಿ ನೋಡಿದೆ, ಆ ಸ್ನಾನ?"

ವಳ್ಳಿ ತಾತನ ಕಥೆ ಹೇಳಿದಳು. ಅಪ್ಪ ಕೇಳಿದ, "ಆಮೇಲೆ ತಾತ ಮಗಳ ಹತ್ರ ಮಾತಾಡಿದ್ರಾ?"

"ಇಲ್ಲ ಅಂಕಲ್. ಹೋದ ವರ್ಷ ತಾತ ತೀರಿಕೊಂಡ್ರು. ದೇಹ ನಮ್ಮ ವಾಯ್ಡ್ ಡೆಕ್‌ನಲ್ಲಿ ಇಟ್ಟಿದ್ರು. ಅತ್ತೆ ಬಂದು ಆ ಕಡೆ ಲಿಫ್ಟ್ ಹತ್ರ ನಿಂತಿದ್ಲು. ಮನೆಗೆ ಹೋಗಿ ತಲೆಗೆ ನೀರು ಹಾಕ್ಕೋಬಹುದಾ ಅಂತ ನನ್ನ ಕೇಳಿದ್ಲು. ಸತ್ತವಳು ಸತ್ತವರಿಗೆ ಸ್ನಾನ ಮಾಡ್ಬಹುದಾ ಅಂತ. ನಂಗೆ ಗೊತ್ತಿರ್ಲಿಲ್ಲ ಅಂಕಲ್, ನಾನು ಸುಮ್ನಿದ್ದೆ."

ಅಪ್ಪ ಹತ್ತಿ ಕೆಳಗಿಟ್ಟ. ನಾನು ಆ ಕಡೆ ತಿರುಗಿ ಚೊಂಬು ಒರೆಸತೊಡಗಿದೆ. ಹೊರಡುವಾಗ ಅಪ್ಪ ಸ್ಪಿರಿಟ್ ಗಮ್ ಸೀಸೆಯನ್ನು ವಳ್ಳಿಯ ಕೈಯಲ್ಲಿಟ್ಟು, "ನನಗಿನ್ನು ಬೇಡ" ಎಂದ.

ಬಸ್ಸಿನಲ್ಲಿ ಇಬ್ಬರೂ ಅಕ್ಕಪಕ್ಕ ಕೂತು ಕಿಟಕಿಯಾಚೆ ಹೊಗೆ ನೋಡುತ್ತಾ ಬಂದೆವು. ಮಾತಾಡೋದಿದೆ ಎಂದಿದ್ದವನು ಆಡಲಿಲ್ಲ, ನಾನಾಗಿ ಕೇಳಲು ಧೈರ್ಯ ಬರಲಿಲ್ಲ. ಎರಡು ದಿನ ಕಳೆದು ಏರ್‌ಪೋರ್ಟಿನಲ್ಲಿ ಬೀಳ್ಕೊಡುವಾಗ ಮಳೆ ಶುರುವಾಗಿತ್ತು, ಹೊಗೆ ತೊಳೆದುಹೋಗುವಂಥ ಮಳೆ. ಅಪ್ಪ ಸೂಟ್‌ಕೇಸಿನ ಹಿಡಿ ಹಿಡಿದು, "ನಾಟಕ ನಾಟಕವೇ, ಪುಟ್ಟಿ. ನಾನು ಆಡಿದ ಮಾತು ವಾಪಸ್ ತಗೊಂಡಿದೀನಿ ಅಂದ್ಕೋಬೇಡ" ಎಂದ. ಎಂದವನು ತಿರುಗಿ ನೋಡದೆ ಒಳಗೆ ಹೋದ. ನಾನು ಅಲ್ಲೇ ಒಂದು ಕುರ್ಚಿಯ ಮೇಲೆ ಕೂತು ಅವನ ವಿಮಾನ ಹೋಗುವವರೆಗೂ ಅತ್ತೆ. ಪಕ್ಕದಲ್ಲಿದ್ದ ಚೀನೀ ಅಜ್ಜಿ ಏನೂ ಕೇಳದೆ ಒಂದು ಟಿಶ್ಯೂ ಪೊಟ್ಟಣ ಮುಂದೆ ಚಾಚಿದಳು.

ಡಿಸೆಂಬರಿನಲ್ಲಿ ಮೈಸೂರಿಗೆ ಬಂದೆ. ಫ್ರಾನ್ಸಿಸ್ ಅದೇ ಲ್ಯಾಬಿನಲ್ಲಿ ಅದೇ ಕುರ್ಚಿಯಲ್ಲಿ ಇದ್ದ, ಹೇಳಿದ ಹಾಗೆ. ರಿಜಿಸ್ಟ್ರಾರರ ಆಫೀಸಿಗೆ ನೋಟಿಸು ಕೊಟ್ಟೆವು. ತಾರೀಕು ಗೊತ್ತಾದ ದಿನವೇ ಅಪ್ಪನಿಗೆ ಹೇಳಿದೆ. ಅಪ್ಪ "ಹೂಂ" ಎಂದ. ಫೆಬ್ರವರಿಯ ಆ ಬೆಳಿಗ್ಗೆ ನಾನು ರೇಷ್ಮೆ ಸೀರೆ ಉಟ್ಟು ಮುಂಬಾಗಿಲಿನಿಂದಲೇ ಹೊರಟೆ. ಕಿಟಕಿ ಗಿಟಕಿ ಏನೂ ಬೇಡ ಎಂದು ಮೊದಲೇ ನಿಶ್ಚಯಿಸಿದ್ದೆ. ಅಪ್ಪ ಜಗಲಿಯಲ್ಲಿ ಪೇಪರ್ ಹಿಡಿದು ಕೂತಿದ್ದ. "ಬರ್ತೀನಪ್ಪ" ಎಂದೆ. ಪೇಪರ್ ಅಲುಗಿತು, ಅಷ್ಟೇ.

ಸಹಿ ಹಾಕಿ ಮುಗಿಯುವಾಗ ಮಧ್ಯಾಹ್ನವಾಗಿತ್ತು. ಸ್ನೇಹಿತರು ಹೋಟೆಲಿಗೆ ಕರೆದರು. "ಮನೆಗೆ ಹೋಗಿ ನೋಡ್ಬೇಕು" ಎಂದೆ. ಏನು ನೋಡಬೇಕು ಎಂದು ಫ್ರಾನ್ಸಿಸ್ ಕೇಳಲಿಲ್ಲ, ಬೀದಿಯ ತಿರುವಿನಲ್ಲಿ ಸ್ಕೂಟರ್ ನಿಲ್ಲಿಸಿಕೊಂಡು ನಿಂತ. ನಾನು ಗೇಟಿನ ಹತ್ತಿರ ನಿಂತೆ. ಆ ಸ್ನಾನದ ಒದ್ದೆ ಪಂಚೆ ಹಗ್ಗದ ಮೇಲಿದೆಯೇ ಎಂದು ಮೊದಲು ಅದನ್ನೇ ನೋಡಿದೆ. ಹಗ್ಗ ಖಾಲಿಯಿತ್ತು.

ಬಾಗಿಲು ತೆರೆದೇ ಇತ್ತು. ಅಪ್ಪ ನಡುಮನೆಯಲ್ಲಿ ಕೂತಿದ್ದ. ಬೆಳಿಗ್ಗೆ ಉಟ್ಟಿದ್ದ ಅದೇ ಮುದುರಿದ ಪಂಚೆ, ಕೆದರಿದ ಒಣ ಕೂದಲು. ದೇವರ ಮನೆಯಲ್ಲಿ ದೀಪ ಹಚ್ಚಿರಲಿಲ್ಲ, ಅಡುಗೆಮನೆಯಲ್ಲಿ ಒಲೆ ತಣ್ಣಗಿತ್ತು. ಸ್ನಾನ, ಪೂಜೆ ಮುಗಿಯದೆ ಒಂದು ಲೋಟ ಕಾಫಿಗಿಂತ ಹೆಚ್ಚು ಬಾಯಿಗೆ ಹಾಕದ ಮನುಷ್ಯ, ಜ್ವರ ಬಂದಾಗಲೂ ಬೆಳಗಿನ ಸ್ನಾನ ತಪ್ಪಿಸದವನು.

"ಏನಪ್ಪ, ಸ್ನಾನ ಮಾಡ್ಲಿಲ್ವಾ?"

ಅಪ್ಪ ನನ್ನ ಕಡೆ ನೋಡಲಿಲ್ಲ. "ದಿನದ ಸ್ನಾನ ಅಂತ ಮಾಡಿದ್ರೂ ನೋಡಿದೋರು ಏನು ತಿಳ್ಕೋತಾರೆ? ದೇವರು ಏನು ತಿಳ್ಕೋತಾನೆ? ಇವತ್ತು ಒಂದು ಹನಿ ನೀರೂ ತಲೆಗೆ ತಾಗಬಾರದು ಅನ್ನಿಸ್ತು. ಅದಕ್ಕೇ ಮಾಡ್ಲಿಲ್ಲ." ಆಮೇಲೆ, "ಬೆಳಿಗ್ಗೆಯಿಂದ ಏನೂ ತಿಂದಿಲ್ಲ ಕಣೇ" ಎಂದ.

ಸೆರಗು ಸೊಂಟಕ್ಕೆ ಸಿಕ್ಕಿಸಿ ಒಲೆ ಹಚ್ಚಿದೆ. ಕಣ್ಣೀರಿಗೆ ಈರುಳ್ಳಿಯ ನೆಪವಿತ್ತು. ಅಪ್ಪ ಎದ್ದು ಬಂದು ಬಾಗಿಲಿಗೆ ಒರಗಿ ನಿಂತು, "ಅವನು ಎಲ್ಲಿ?" ಎಂದು ಕೇಳಿದ.

"ಬೀದಿ ಕೊನೇಲಿ ನಿಂತಿದಾನೆ."

"ಬಿಸಿಲಲ್ಲಾ?" ಎಂದು ಮುಂಬಾಗಿಲಿನ ಕಡೆ ನೋಡಿದ. "ಇವತ್ತು ಬೇಡ. ಇವತ್ತು ನನ್ನ ಕೈಲಾಗಲ್ಲ. ಇನ್ನೊಂದು ದಿನ ಬರಲಿ." ಆಮೇಲೆ ನಾನು ಬಾಣಲೆಗೆ ರವೆ ಹಾಕುತ್ತಿದ್ದದ್ದನ್ನು ನೋಡಿ, "ಇನ್ನೊಂದು ಹಿಡಿ ಹಾಕು. ಡಬ್ಬೀಲಿ ಕಟ್ಕೊಂಡು ಹೋಗು, ಅವನೂ ತಿಂದಿರಲ್ಲ" ಎಂದ.

ನಾನು ಇನ್ನೊಂದು ಹಿಡಿ ರವೆ ಹಾಕಿ, ನೀರು ಕಾಯಲು ಇಟ್ಟೆ.